ಅಕ್ಕನ ಲೆಕ್ಕದಲ್ಲಿ ಬಸ್ರಾ

ನನ್ನಕ್ಕ ಹಂಪವ್ವ ದೂರವನ್ನು ರೊಟ್ಟಿಯಿಂದ ಅಳೆಯುತ್ತಿದ್ದಳು. ಕಟ್ಟಿಕೊಂಡ ಬುತ್ತಿ ಮೆತ್ತಗಿರುವಾಗಲೇ ಮುಟ್ಟಿದರೆ ಆ ಊರು ಹತ್ತಿರ. ಬಹಳ ದಿನ ಕೆಡದ ಖಡಕ್ ರೊಟ್ಟಿ ಮಾಡಿಕೊಂಡೇ ಹೊರಡಬೇಕಾದರೆ ದೂರ. ದೇವದುರ್ಗದ ಅವಳ ಮನೆಗೆ ನಾನು ಹಮಾಲಿ ಮಾಡುತ್ತಿದ್ದ ರಾಯಚೂರು ಹತ್ತಿರ. ನನ್ನ ಹೆಂಡತಿಯ ತವರು ಚೀಕಲಪರ್ವಿ ಮಾತ್ರ ಮಳೆಗಾಲದಲ್ಲಿ ಬಹಳ ದೂರ. ಕರಿಮಣ್ಣಿನಲ್ಲಿ ಬಂಡಿ ಹೂತರೆ ಎತ್ತುಗಳೂ ಸೋಲುತ್ತಿದ್ದವು. "ಖಡಕ್ ರೊಟ್ಟಿ ಊರಿನ ಹೆಣ್ಣು ತಂದಿ, ಅನುಭವಿಸು" ಎಂದು ಛೇಡಿಸುತ್ತಿದ್ದಳು. ರೊಟ್ಟಿ ಬಡಿಯುವ ಕೈ ನಿಲ್ಲಿಸದೆಯೇ ಅವಳ ಮಾತೆಲ್ಲ.

ಎರಡನೇ ಮಹಾಯುದ್ಧದ ಕಾಲಕ್ಕೆ ಅವಳ ಒಬ್ಬನೇ ಮಗ ಈರಣ್ಣ ದಂಡಿನ ಅಡುಗೆಯವನಾಗಿ ಹೋದ. ಅವನಿಗೆ ಓದು ಬರಹ ಇಲ್ಲ, ಹಾಗಾಗಿ ಕಾಗದವೂ ಇಲ್ಲ. ರಜೆಗೆ ಬಂದ ಸಿಪಾಯಿಯೊಬ್ಬ ಅವನು ಇರಾಕಿನ ಬಸ್ರಾದಲ್ಲಿದ್ದಾನೆಂದು ತಿಳಿಸಿದ. ಅಂದಿನಿಂದ ಅಕ್ಕ ಕಂಡಕಂಡವರನ್ನು ಬಸ್ರಾ ಎಷ್ಟು ದೂರವೆಂದು ಕೇಳತೊಡಗಿದಳು. ಹಡಗಿನ ದಾರಿ ವಾರಗಟ್ಟಲೆ ಎಂದು ಕೇಳಿ ಸಪ್ಪಗಾದಳು.

ನಾನು ಮೂರನೇ ಇಯತ್ತೆ ಓದಿದವನು. ಸ್ಟೇಷನ್ನಿನಲ್ಲಿ ಬಾಬು ಒಬ್ಬರು ಹೇಳಿದ್ದನ್ನು ನನ್ನದೇ ತಿಳಿವಳಿಕೆಯೆಂಬಂತೆ ಅವಳ ಮುಂದೆ ಬಿಚ್ಚಿದೆ: ವಿಮಾನ ಹಕ್ಕಿಯಂತೆ ನೆಟ್ಟಗೆ ಹೋಗುತ್ತದೆ, ಇವತ್ತು ಮುಂಬೈ ಬಿಟ್ಟರೆ ನಾಳೆ ದೀಪ ಹಚ್ಚುವುದರೊಳಗೆ ಬಸ್ರಾ.

"ಹಂಗಾದ್ರ ಬಸ್ರಾ ಹತ್ರನ ಅದ. ರೊಟ್ಟಿ ಮೆತ್ತಗ ಮುಟ್ಟತಾವ" ಎಂದಳು.

ಅಷ್ಟು ಮಂದಿಗೆ ಅಡುಗೆ ಮಾಡುವವನಿಗೆ ನಿನ್ನ ರೊಟ್ಟಿ ಯಾಕೆ ಎಂದು ನಕ್ಕೆ.

"ತನ್ನ ಕೈಯಾಗಿಂದು ತಾನ ಎಷ್ಟಂತ ಉಂಡಾನೋ?"

ಮುಂದಿನ ಅಮಾವಾಸ್ಯೆಗೆ ದೇವದುರ್ಗದಿಂದ ಬರುವ ಬಂಡಿಯವನ ಕೈಯಲ್ಲಿ ಬುತ್ತಿ ಬಂತು, ವಿಮಾನಕ್ಕೆ ಹಾಕಬೇಕೆಂಬ ಮಾತಿನೊಂದಿಗೆ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಅಂಚೆ ಕಚೇರಿಗೆ ಒಯ್ದೆ. ಅಲ್ಲಿದ್ದವರು ನಕ್ಕು, ವಿಮಾನದಲ್ಲಿ ಕಾಗದ ಹೋಗುತ್ತದೆ, ಪಲ್ಯವಲ್ಲ ಎಂದರು. ಹೊರಗೆ ಬೇವಿನ ಮರದ ಕೆಳಗೆ ಕುಳಿತು ಜೊತೆಯ ಹಮಾಲರೊಂದಿಗೆ ಉಂಡೆ. ಹೋಯಿತೆಂದು ಹೇಳು ಎಂದು ಬಂಡಿಯವನಿಗೆ ತಿಳಿಸಿದೆ. ನನ್ನ ಮಾತು ಸುಳ್ಳಾಗಬಾರದಲ್ಲ.

ಆಮೇಲೆ ಪ್ರತಿ ಅಮಾವಾಸ್ಯೆಗೂ ಬುತ್ತಿ ಬಂತು. ಆ ವರ್ಷಗಳಲ್ಲಿ ಜೋಳ ಸಿಗುವುದೇ ಕಷ್ಟವಾಗಿತ್ತು. ಅಕ್ಕ ಒಪ್ಪೊತ್ತು ಉಂಡು ಕಟ್ಟುತ್ತಿದ್ದಾಳೆಂದು ಬಂಡಿಯವನೇ ಹೇಳಿದ. ಆದರೂ ನಾನು ಬೇಡವೆನ್ನಲಿಲ್ಲ.

ಯುದ್ಧ ಮುಗಿದು ಈರಣ್ಣ ಬಂದನೆಂದು ತಿಳಿದು ದೇವದುರ್ಗಕ್ಕೆ ಹೋದೆ. ಒಲೆಯ ಮುಂದೆ ಕುಳಿತೇ ಅಕ್ಕ ಮಗನನ್ನು ಕೇಳಿದಳು, ಬುತ್ತಿ ಮೆತ್ತಗೇ ಮುಟ್ಟುತ್ತಿತ್ತೇ ಎಂದು.

"ಯಾವ ಬುತ್ತಿ ಯವ್ವಾ?"

ಬಡಿಯುವ ಸದ್ದು ನಿಂತಿತು. ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಮರ್ತಿರ್ತಿ ಬಿಡು. ದಂಡಿನ್ಯಾಗ ನೂರೆಂಟು ತ್ರಾಸ" ಎಂದು ಮಗನಿಗೆ ಹೇಳಿ ನನ್ನ ಕಡೆ ತಿರುಗಿದಳು. "ಏಳು ತಮ್ಮಾ, ಕೈ ತೊಳ್ಕೊ."

ಮೊದಲು ನನಗೇ ಬಡಿಸಿದಳು. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ತುತ್ತು ಇಟ್ಟುಕೊಂಡೆ. ಮುಂದಿನ ಸಲ ಹೇಳಿದರಾಯಿತೆಂದು ಹೊರಟುಬಂದೆ.

ಮುಂದಿನ ಸಲ ಬಂಡಿಯವನು ತಂದದ್ದು ಅವಳು ತೀರಿಕೊಂಡ ಸುದ್ದಿ. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿದ್ದರು. ಈರಣ್ಣ ಕಟ್ಟೆಯ ಮೇಲೆ ಕುಳಿತಿದ್ದ.

"ಮಾಮಾ, ಅವ್ವನ ಬುತ್ತಿ ಉಂಡು ಮರ್ತೀನಂದ್ರ ನಾ ಎಂಥಾ ಮಗ? ಖರೇನ ಕಳಿಸಿದ್ಲೇನು?"

"ಕಳಿಸಿದ್ಲಪ್ಪಾ" ಎಂದೆ. ಅಷ್ಟು ಮಾತ್ರ ನಿಜ.