ಬಾಣಂತಿಯ ಸೆಟೆದ ಬೆರಳುಗಳು

ರಕ್ತದೊತ್ತಡ ನೋಡಲು ಬಾಣಂತಿಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದೆ. ನೋಡುತ್ತಿದ್ದಂತೆ ಅವಳ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಸೆಟೆದವು, ಮಣಿಕಟ್ಟು ಒಳಕ್ಕೆ ಮಡಚಿಕೊಂಡಿತು. ಬೆಳಗಿನಿಂದ ಹೀಗೇ ಆಗುತ್ತಿದ್ದು, ಮಗುವನ್ನು ಎತ್ತಿಕೊಳ್ಳಲಾಗದೆ ಅವಳು ಅಳುತ್ತಿದ್ದಳು.

“ನೋಡವ್ವ, ಮೈಮೇಲೆ ಬಂದಿರೋದು ಇನ್ನೂ ಬುಟ್ಟಿಲ್ಲ” ಎಂದರು, ಅವಳನ್ನು ಕುಣಿಗಲ್ ಕಡೆಯಿಂದ ಕರೆತಂದಿದ್ದ ಅತ್ತೆ.

ಅದು ಎಪ್ಪತ್ತರ ದಶಕದ ಕೊನೆ. ನಾನು ತುಮಕೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಡಾಕ್ಟರಮ್ಮ ಆ ಕೈ ನೋಡಿದವರೇ ಬಾಣಂತಿಯ ಊಟ ವಿಚಾರಿಸಿದರು.

“ಅನ್ನ, ಮೆಣಸಿನ ಸಾರು. ಬಸುರೀಲೂ ಅಷ್ಟೇಯ. ಹಾಲು, ಮೊಸರು, ರಾಗಿ ಒಂದೂ ಮುಟ್ಟುಸಿಲ್ಲ ಕಣವ್ವ, ಮಗೀಗೆ ಶೀತ ಆಗ್ಬಾರ್ದಲ್ಲ” ಎಂದರು ಅತ್ತೆ, ಹೆಮ್ಮೆಯಿಂದ.

“ಇದು ದೆವ್ವ ಅಲ್ಲಮ್ಮ, ನಿಮ್ಮ ಪಥ್ಯ” ಎಂದ ಡಾಕ್ಟರಮ್ಮ, ಪರೀಕ್ಷೆಗೆ ರಕ್ತ ತೆಗೆದು, ಕ್ಯಾಲ್ಸಿಯಂ ಇಂಜೆಕ್ಷನ್ನನ್ನು ನರಕ್ಕೆ ತೀರಾ ನಿಧಾನವಾಗಿ ಕೊಟ್ಟರು. ನಾನು ನಾಡಿ ಹಿಡಿದು ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಬೆರಳುಗಳು ಒಂದೊಂದಾಗಿ ಸಡಿಲಿದವು. ಬಾಣಂತಿ ಕೈ ಚಾಚಿ, “ಮಗೀನ ಕೊಡು ಅತ್ತೆ” ಎಂದಳು. ಮಗುವನ್ನು ಕೊಟ್ಟ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಬಂದ ವರದಿಯಲ್ಲಿ, ಒಂಬತ್ತು ಹತ್ತರ ಆಸುಪಾಸಿನಲ್ಲಿರಬೇಕಾದ ಕ್ಯಾಲ್ಸಿಯಂ ಆರಕ್ಕೆ ಇಳಿದಿತ್ತು.

ಅಂದಿನಿಂದ ನಿವೃತ್ತಿಯವರೆಗೂ ವಾರ್ಡಿನಲ್ಲಿ ನನ್ನ ಬೆಳಗಿನ ಮೊದಲ ಪ್ರಶ್ನೆ “ಏನು ತಿಂದೆಯಮ್ಮ?” ಎಂಬುದೇ ಆಗಿತ್ತು. ಅದನ್ನು ಅತ್ತೆಯಂದಿರು ಪಕ್ಕದಲ್ಲಿರುವಾಗಲೇ ಕೇಳುತ್ತಿದ್ದೆ.