ಎತ್ತದ ಫೋನಿನ ವಿಚಾರಣೆ

ನಮ್ಮ ಮನೆಯ ಫೋನನ್ನು ನಾವು ಎತ್ತುವುದಕ್ಕಿಂತ ಎಣಿಸುವುದೇ ಹೆಚ್ಚಾಗಿತ್ತು. ಎರಡು ಸಲ ಬಡಕೊಂಡು ನಿಂತಿತೆಂದರೆ ನನ್ನ ಮಗ ಆಫೀಸು ಬಿಟ್ಟ ಅಂತ. ನಾನು ರೊಟ್ಟಿಗೆ ಹಂಚು ಇಡುತ್ತಿದ್ದೆ. ಮೂರು ಸಲಕ್ಕೆ ನಿಂತರೆ ಮಹಡಿ ಮೇಲಿನವಳ ಮಗ ಅಂಗಡಿ ಬಿಟ್ಟ ಅಂತ. ನಾನು ಮೆಟ್ಟಿಲ ಬುಡದಲ್ಲಿ ನಿಂತು "ಹೊಂಟಾನ ನೋಡಬೇ" ಅಂತ ಕೂಗಿದರೆ ಆಕೆ ಅನ್ನಕ್ಕಿಡುತ್ತಿದ್ದಳು. ನಾಲ್ಕನೆಯದೂ ಬಡಕೊಂಡರೆ ಮಾತಾಡುವವರು ಯಾರೋ ಇದ್ದಾರೆ, ಆಗ ಎತ್ತಬೇಕು. ಎತ್ತದ ಫೋನಿಗೆ ರೊಕ್ಕ ಬೀಳುವುದಿಲ್ಲ. ಆಗ ಹೈದರಾಬಾದಿನಲ್ಲಿ ಅರ್ಧ ಊರು ಹೀಗೇ ಮಾಡುತ್ತಿತ್ತು, ನಾವೇನು ಹೊಸದಾಗಿ ಕಂಡುಹಿಡಿದದ್ದಲ್ಲ.

ಮನೆ ಇದ್ದದ್ದು ಕಾಚಿಗೂಡ ಸ್ಟೇಷನ್ನಿನ ಹಿಂದೆ. ನನ್ನ ಗಂಡ ರೈಲ್ವೆಯಲ್ಲಿದ್ದಾಗ ಕಟ್ಟಿಸಿದ್ದು. ಅವರು ಹೋದ ಮೇಲೆ ಮಹಡಿಯನ್ನು ಬಾಡಿಗೆಗೆ ಕೊಟ್ಟೆ. ಬೀದರ ಕಡೆಯ ಮುಸಲ್ಮಾನ ಹೆಂಗಸು, ಗಂಡ ಇರಲಿಲ್ಲ, ಒಬ್ಬನೇ ಮಗ. ಅವನಿಗೆ ಸುಲ್ತಾನ್ ಬಜಾರಿನ ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ. ಮೂವತ್ತು ದಾಟಿದರೂ ಲಗ್ನ ಆಗಿರಲಿಲ್ಲ.

"ದಿನಾ ಅಷ್ಟು ಹೆಂಗಸರಿಗೆ ಸೀರಿ ತೋರಸ್ತಿ, ಒಬ್ಬಾಕಿನೂ ನಿನ್ನ ಮಾರಿ ನೋಡವಲ್ಲಳೇನೋ?" ಅಂತ ಕಾಡುತ್ತಿದ್ದೆ.

"ಅವರು ಸೀರಿ ಸೈತ ನೋಡೂದಿಲ್ಲರಿ ಆಯಿ, ರೇಟ್ ನೋಡ್ತಾರ" ಅನ್ನುತ್ತಿದ್ದ.

ಆ ವರ್ಷ ಊರಲ್ಲಿ ಬಾಂಬು ಸಿಡಿದವು. ಸಂಜೆ, ಮಂದಿ ಹೊರಗೆ ಬೀಳುವ ಹೊತ್ತಿಗೆ. ಟಿವಿಯಲ್ಲಿ ತೋರಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ. ನೋಡಿದವರು ಮರೆತಿಲ್ಲ, ನೋಡದವರಿಗೆ ಬೇಡ. ಮೇಲಿನವಳು ಇಳಿದು ಬಂದು ಫೋನಿನ ಮುಂದೆ ನೆಲದ ಮೇಲೆ ಕೂತಳು. ಎರಡು ಸಲ ಬಡಕೊಂಡು ನಿಂತಿತು. ನನ್ನ ಮಗ ಬದುಕಿದ್ದ. ಬಾಯಿ ಬಿಟ್ಟು ಹೇಳಲಿಲ್ಲ, ಆಕೆಗೂ ಎಣಿಕೆ ಬರುತ್ತಿತ್ತು. ಆಮೇಲೆ ಭಾಳ ಹೊತ್ತು ಫೋನು ಸುಮ್ಮನಿತ್ತು. ನಾನು ಬೆಳ್ಳುಳ್ಳಿ ತಂದು ಆಕೆಯ ಮುಂದೆ ಅರ್ಧ ಸುರುವಿದೆ. ಕೈ ಖಾಲಿ ಇದ್ದರೆ ತಲೆ ಕೆಡುತ್ತದೆ. ಇಬ್ಬರೂ ಸುಲಿಯುತ್ತ ಕೂತೆವು. ಕೊನೆಗೆ ಮೂರು ಸಲ ಬಡಕೊಂಡಿತು, ನಿಂತಿತು. ನಾಲ್ಕನೆಯದು ಬರುತ್ತದೇನೋ ಅಂತ ಆಕೆ ಉಸಿರು ಹಿಡಿದಳು. ಬರಲಿಲ್ಲ. ಎದ್ದು ಸೆರಗು ಜಾಡಿಸಿ ಮೇಲೆ ಹೋಗಿ ಅನ್ನಕ್ಕಿಟ್ಟಳು.

ಕೆಲವು ದಿನ ಕಳೆದ ಮೇಲೆ ಪೊಲೀಸರು ಮೇಲಿನವಳ ಮಗನನ್ನು ಅಂಗಡಿಯಿಂದಲೇ ಕರೆದುಕೊಂಡು ಹೋದರು. ಬಾಂಬು ಸಿಡಿದ ಜಾಗದ ಸುತ್ತ ಆ ಹೊತ್ತಿಗೆ ಯಾರ್ಯಾರ ಮೊಬೈಲು ಇದ್ದವು ಅನ್ನುವುದನ್ನು ಫೋನಿನ ಕಂಪನಿಗಳಿಂದ ತೆಗೆಸಿದ್ದರಂತೆ. ಅವನದೂ ಇತ್ತು. ಅಂಗಡಿಯೇ ಅಲ್ಲಿ ಸಮೀಪ ಇದ್ದ ಮೇಲೆ ಮೊಬೈಲು ಇನ್ನೆಲ್ಲಿರಬೇಕು? ಆದರೆ ಅವರಿಗೆ ಸಂಶಯ ಬಂದದ್ದು ಬೇರೆಯದಕ್ಕೆ. ಬಾಂಬಾದ ಮೇಲೆ ಆ ಮೊಬೈಲಿನಿಂದ ಒಂದು ನಂಬರಿಗೆ ಫೋನು ಹೋಗಿದೆ, ಯಾರೂ ಎತ್ತಿಲ್ಲ, ಇವನು ತಿರುಗಿ ಮಾಡಿಲ್ಲ. ಮೊಬೈಲು ತೆಗೆದು ನೋಡಿದರೆ ದಿನಾ ಅದೇ ನಂಬರು, ದಿನಾ ಮಾತಿಲ್ಲ. ಯಾರಿಗೋ ಗುರುತು ಕೊಡುತ್ತಾನೆ ಅಂದುಕೊಂಡರು. ಗುರುತೇ ಅದು. ಅನ್ನಕ್ಕಿಡು ಅನ್ನುವ ಗುರುತು.

ಆ ನಂಬರು ನನ್ನದು. ಬಂದು ಹೇಳಿಕೆ ಕೊಡಬೇಕು ಅಂತ ಮನೆಗೆ ಹೇಳಿಕಳಿಸಿದರು.

ನನ್ನ ಮಗ ಸರ್ಕಾರಿ ಆಫೀಸಿನಲ್ಲಿದ್ದವನು. ಅವನಿಗೆ ಅಂಜಿಕೆ ಹತ್ತಿತು. "ಅವ್ವಾ, ಎರಡು ರಿಂಗು ನಮ್ಮವು ಅಂತ ಹೇಳು. ಉಳಿದದ್ದು ಗೊತ್ತಿಲ್ಲ ಅನ್ನು. ಈ ವರ್ಷ ನನ್ನ ಪ್ರಮೋಷನ್ ಐತಿ. ಪೊಲೀಸ್ ವಿಚಾರಣಿ ಅಂತ ಒಂದು ಮಾತು ಆಫೀಸಿಗೆ ಮುಟ್ಟಿತಂದ್ರ ಮುಗೀತು."

"ಗೊತ್ತಿದ್ದದ್ದನ್ನ ಗೊತ್ತಿಲ್ಲ ಅಂತ ಹ್ಯಾಂಗ ಅನ್ಲಿ?"

"ಸುಳ್ಳು ಹೇಳು ಅನ್ನವಲ್ಲೆ ನಾ. ನಮ್ಮದಷ್ಟ ಹೇಳು."

"ನೌಕರಿ ಸೇರಿದ ಮ್ಯಾಲೆ ಭಾಳ ಶಾಣ್ಯಾ ಆಗೀದಿ" ಅಂದೆ. ಸಿಟ್ಟೇನೂ ಬರಲಿಲ್ಲ. ಅವನ ಅಂಜಿಕೆ ಖರೇನೇ ಇತ್ತು. ಮನೆ ನಡೆಯುತ್ತಿದ್ದದ್ದು ಅವನ ಪಗಾರದಿಂದ.

ಮೇಲಿನವಳು ನನಗೆ ಏನೂ ಹೇಳಿಕೊಡಲಿಲ್ಲ. ನಮ್ಮ ಜೊತೆ ಆಟೋದಲ್ಲಿ ಕೂತು ಇಷ್ಟೇ ಅಂದಳು: "ಅಕ್ಕಾರ, ಏನ ಕೇಳಿದ್ರೂ ಖರೇ ಹೇಳ್ರಿ. ನನ್ನ ಮಗ ಏನರ ತಪ್ಪು ಮಾಡಿದ್ದು ಕಂಡಿದ್ರ ಅದನ್ನೂ ಹೇಳ್ರಿ."

"ಲಗ್ನ ಮಾಡಿಕೊಂಡಿಲ್ಲ. ಅದನ್ನ ಹೇಳ್ತೀನಿ" ಅಂದೆ. ಆಟೋದವನು ನಕ್ಕ, ಆಕೆ ನಗಲಿಲ್ಲ.

ಕಚೇರಿಯಲ್ಲಿ ಆಕೆಯನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ ನಮ್ಮಿಬ್ಬರನ್ನು ಒಳಗೆ ಕರೆದರು. ಸಾಹೇಬರು ತೆಲುಗಿನವರು. ಅವರು ತೆಲುಗಿನಲ್ಲಿ ಕೇಳಿದರು, ನಾನು ಅರ್ಧ ತೆಲುಗು ಅರ್ಧ ಉರ್ದು ಮಾಡಿ ಹೇಳಿದೆ. ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಮನುಷ್ಯ ಕೆಟ್ಟವರಲ್ಲ. ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿದ್ದವು.

"ಫೋನು ಎತ್ತೂದಿಲ್ಲ ಅಂತೀರಿ. ಮಾಡಿದವ ಯಾರಂತ ಹ್ಯಾಂಗ ಗೊತ್ತು?"

"ಎರಡಕ್ಕ ನಿಂತರ ಈತ, ನನ್ನ ಮಗ. ಮೂರಕ್ಕ ನಿಂತರ ಮ್ಯಾಲಿನವ."

"ಒಂದಕ್ಕ ನಿಂತರ?"

"ರಾಂಗ್ ನಂಬರ್."

ಪಕ್ಕದ ಪೇದೆ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ. ಸಾಹೇಬರು ಅಂದರು: "ಸರಿ ಅಮ್ಮಾ. ಎರಡು ರಿಂಗು ನಿಮ್ಮ ಮಗಂದು ಅಂತ ಬರಕೊಂತೀವಿ. ಸಹಿ ಮಾಡಿ ಮನಿಗೆ ಹೋಗ್ರಿ. ಮೂರರದು ನಾವು ನೋಡಿಕೊಂತೀವಿ."

ಮೇಜಿನ ಕೆಳಗೆ ನನ್ನ ಮಗ ಕಾಲು ಒತ್ತಿದ. ನಾನು ಕಾಲು ತೆಗೆದುಕೊಂಡೆ.

"ಬಡಕೊಂಡದ್ದು ಒಂದೇ ಫೋನರಿ. ಬರಿಯೂದಿದ್ರ ಎರಡೂ ಬರೀರಿ. ಆವತ್ತ ಸಂಜಿಕೆ ಎರಡು ಬಡಕೊಂಡಾಗ ನನ್ನ ಮಗ ಸತ್ತಿಲ್ಲ ಅಂತ ತಿಳಿದೆ. ಮೂರು ಬಡಕೊಂಡಾಗ ಅಕೀ ಮಗ ಸತ್ತಿಲ್ಲ ಅಂತ ತಿಳಿದ್ವಿ. ಎರಡಕ್ಕ ಒಂದ ಅರ್ಥ. ಒಂದನ್ನ ನಂಬಿ ಇನ್ನೊಂದನ್ನ ಹ್ಯಾಂಗ ಬಿಡ್ತೀರಿ?"

ಅವರು ಪೆನ್ನು ಕೆಳಗಿಟ್ಟರು. "ನಮ್ಮ ತಾಯಿನೂ ಹಿಂಗ ಮಾಡ್ತಾಳ. ನನಗ ತಿಳಿಯೂದಿಲ್ಲ ಅಂತಲ್ಲ. ಆದರ ಬಾಂಬು ಇಡವರೂ ಹಿಂಗ ಮಾಡ್ತಾರ. ಸಾವಿರ ಮಂದಿ ಅನ್ನಕ್ಕಿಡು ಅಂತ ರಿಂಗು ಕೊಡ್ತಾರ, ಅದರಾಗ ಒಬ್ಬ ಬ್ಯಾರೇದಕ್ಕ ಕೊಡ್ತಾನ. ಎಲ್ಲಾರನ್ನೂ ನೋಡದೇ ಆ ಒಬ್ಬನ್ನ ನಾ ಎಲ್ಲಿ ಹುಡುಕಲಿ? ನಾಳೆ ಮತ್ತೊಂದು ಸಿಡಿದ್ರ, ಪೊಲೀಸರು ಏನ ಮಾಡಾಕತ್ತಿದ್ರು ಅಂತ ನೀವ ಬೈತೀರಿ."

ಆ ಮಾತು ಸುಳ್ಳಲ್ಲ. ನಾನು ಬೈಯುವವಳೇ. ಅದೇ ಬಜಾರಿನಲ್ಲಿ ಕುಪ್ಪಸದ ಖಣಕ್ಕೆ ಚೌಕಾಸಿ ಮಾಡುವವಳು ನಾನು. ಬಾಂಬು ಇಟ್ಟವನನ್ನು ಹಿಡಿಯಬೇಡಿ ಅಂತ ನಾನು ಹೋಗಿರಲಿಲ್ಲ.

"ನೋಡ್ರಿ" ಅಂದೆ. "ನಂದೂ ನೋಡ್ರಿ. ನನ್ನ ಫೋನಿನಾಗ ಏನೈತಿ, ರೊಟ್ಟಿ ಮತ್ತ ಅನ್ನ. ಆದರ ನೀವು ನೋಡಿದ್ದು ತಪ್ಪಾತಂದ್ರ ನಾವು ಯಾರಿಗೆ ಹೇಳಬೇಕು? ಆ ಮನಿ ನಂಬರ್ ನಮಗ ಕೊಡ್ರಿ. ಅಕಿ ಎಷ್ಟು ಕಡೆ ತಿರುಗ್ಯಾಳ, ಮಗ ಎಲ್ಲದಾನಂತ ಒಬ್ಬರೂ ಹೇಳವಲ್ಲರು. ನಮ್ಮದೆಲ್ಲಾ ನಿಮಗ ಕಾಣಬೇಕು, ನಿಮ್ಮದು ನಮಗ ಏನೂ ಕಾಣಬಾರದಂದ್ರ ಹ್ಯಾಂಗ?"

"ಅದು ನನ್ನ ಕೈಯಾಗಿಲ್ಲ ಅಮ್ಮಾ."

"ಕೈಯಾಗ ಇರೂದು ಮಾಡ್ರಿ ಮತ್ತ. ಅವನ್ನ ಒಂದು ಕಡೆ ಕೇಳ್ರಿ, ಹೊರಗ ಕುಂತಾಳಲ್ಲ, ಅಕೀನ್ನ ಒಂದು ಕಡೆ ಕೇಳ್ರಿ. ಎಷ್ಟು ರಿಂಗಿಗೆ ಏನರ್ಥ, ಯಾವಾಗಿಂದ ನಡದೈತಿ. ಮೂರು ಮಂದಿದು ಒಂದ ಆದರ ಅವನ್ನ ಬಿಡ್ರಿ. ಬ್ಯಾರೆ ಆದರ ನನ್ನನ್ನೂ ಒಳಗ ಹಾಕ್ರಿ."

ನನ್ನ ಮಗ ಹಣೆ ಒರೆಸಿಕೊಂಡ. ಸಾಹೇಬರು ಆಕೆಯನ್ನು ಕರೆಸಿದರು. ಅಷ್ಟು ದಿನದಲ್ಲಿ ಆಕೆಯನ್ನು ಒಳಗೆ ಕರೆದು ಕೂಡಿಸಿ ಕೇಳಿದ್ದು ಅದೇ ಮೊದಲು.

ನಾನು ಹೇಳಿದ್ದನ್ನು ಬರೆದುಕೊಂಡರು. ನಾನು ಕಲಿತದ್ದು ಮೂರನೇ ಇಯತ್ತೆ, ಅದೂ ಕನ್ನಡ. ತೆಲುಗು ಓದಲು ಬರುವುದಿಲ್ಲ. ಪೇದೆಯಿಂದ ಓದಿಸಿದೆ, ಮೂರರ ಮಾತು ಬಿಟ್ಟಿಲ್ಲ ಅಂತ ಖಾತ್ರಿ ಆದ ಮೇಲೆ ಸಹಿ ಮಾಡಿದೆ.

ಮೇಲಿನವನನ್ನು ಅವತ್ತೇ ಬಿಡಲಿಲ್ಲ. ಆ ವಾರ ಕಳೆದ ಮೇಲೆ ಬಿಟ್ಟರು. ಮತ್ತೆ ಕರೆದಾಗ ಬರಬೇಕು ಅಂದರಂತೆ, ಕರೆಯಲಿಲ್ಲ. ಬಾಂಬು ಇಟ್ಟವನು ಇವನಲ್ಲ ಅಂತ ಯಾರೂ ಬಂದು ಹೇಳಲೂ ಇಲ್ಲ. ನನ್ನ ಮಗನಿಗೆ ಆ ವರ್ಷ ಪ್ರಮೋಷನ್ ಆಗಲಿಲ್ಲ. ಇದರಿಂದಲೋ, ಅವನ ಆಲಸ್ಯದಿಂದಲೋ, ತಿಳಿಯಲಿಲ್ಲ. ಇದರಿಂದಲೇ ಅಂತ ಅವನು ಇವತ್ತಿಗೂ ಅನ್ನುತ್ತಾನೆ. ಅನ್ನಲಿ.

ಮೇಲಿನವನು ಬಂದ ದಿನ "ಹೊಡದರೇನೋ?" ಅಂತ ಕೇಳಿದೆ. "ಇಲ್ಲರಿ" ಅಂದ. ಎರಡನೇ ಸಲ ಕೇಳಲಿಲ್ಲ. ಅಂಗಡಿಯವರು ಕೆಲಸಕ್ಕೆ ಇಟ್ಟುಕೊಂಡರು, ಆದರೆ ಗಿರಾಕಿಗಳ ಮುಂದೆ ಬೇಡ, ಹಿಂದೆ ಗೋದಾಮಿನಲ್ಲಿ ಸೀರೆ ಮಡಿಚು ಅಂದರು.

ಅವನು ರಿಂಗು ಕೊಡುವುದನ್ನು ಬಿಟ್ಟ. ದಿನಾ ಸಂಜೆ ನಾನು ಎತ್ತುವವರೆಗೂ ಫೋನು ಬಡಕೊಳ್ಳುತ್ತಿತ್ತು. "ಹಲೋ ಆಯಿ. ನಾನು ನಿಮ್ಮ ಮ್ಯಾಲಿನ ಮನಿಯವ. ಸುಲ್ತಾನ್ ಬಜಾರಿನ ಅಂಗಡಿಯಿಂದ ಮಾತಾಡಾಕತ್ತೀನಿ. ಅಂಗಡಿ ಬಂದ್ ಆತು. ಸೀದಾ ಮನಿಗೆ ಬರಾಕತ್ತೀನಿ. ಅನ್ನಕ್ಕಿಡಾಕ ಅಮ್ಮಗ ಹೇಳ್ರಿ." ಇಷ್ಟು ಹೇಳಿ, ಅದನ್ನೇ ಮತ್ತೆ ಹಿಂದಿಯಲ್ಲಿ, ಆಮೇಲೆ ತೆಲುಗಿನಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದ. ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ.

"ನನಗ ಒಂದ ಸಲಕ್ಕ ತಿಳೀತದೋ. ಇದು ಯಾರಿಗೆ?" ಅಂದೆ ಒಂದು ದಿನ.

"ನಿಮಗಲ್ಲರಿ ಆಯಿ."

ಆ ಫೋನಿನ ಮೇಲೆ ಯಾರಾದರೂ ಕಿವಿ ಇಟ್ಟಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಇಟ್ಟಿರಲಿಕ್ಕಿಲ್ಲ, ಅವರಿಗೆ ಬೇರೆ ಕೆಲಸ ಇಲ್ಲವೇ? ಹಾಗಂತ ಅವನಿಗೆ ಹೇಳಿದೆ. "ಇರಲಿಕ್ಕಿಲ್ಲರಿ" ಅಂತ ಅವನೂ ಒಪ್ಪಿದ. ಮರುದಿನ ಮತ್ತೆ ಮೂರು ಭಾಷೆಯಲ್ಲಿ ಹೇಳಿದ. ಅವನ ತಾಯಿ, "ಬಿಡ್ರಿ ಅಕ್ಕಾರ, ಹಂಗ ಹೇಳಿದ್ರ ಅವಗ ನಿದ್ದಿ ಬರ್ತದ" ಅಂದಳು.

ಬಿಡುವ ಸ್ವಭಾವ ನನ್ನದಲ್ಲ. ಒಂದು ಸಂಜೆ ಅವನು ತೆಲುಗು ಮುಗಿಸುವವರೆಗೆ ಕಾದೆ.

"ಅವರಿಗೆ ಹೇಳೂದು ಮುಗೀತಿಲ್ಲೋ?" ಅಂದೆ.

"ಮುಗೀತ್ರಿ."

"ಈಗ ನನಗ ಹೇಳು. ಮಧ್ಯಾಹ್ನ ಉಂಡಿಯೋ ಇಲ್ಲೋ?"

ಸಣ್ಣ ದನಿಯಲ್ಲಿ, "ಇಲ್ಲರಿ ಆಯಿ, ಊಟ ಸೇರವಲ್ದು" ಅಂದ. ಅಷ್ಟನ್ನು ಹಿಂದಿಯಲ್ಲಿ ಹೇಳಲಿಲ್ಲ, ತೆಲುಗಿನಲ್ಲೂ ಹೇಳಲಿಲ್ಲ.