ಎಡಗಡೆಯ ಒಲೆ

ಅವಳನ್ನು ಹೋಟೆಲಿನಲ್ಲಿ ಎಲ್ಲರೂ ಸೌಟಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳ ಕೊಡುವ ಯಜಮಾನನಿಗೂ ಮರೆತುಹೋಗಿತ್ತು. ಇಟಲಿಯ ಪಾಸ್ತಾ ಬಿಟ್ಟರೆ ಬೇರೇನೂ ಸಿಗದ ಇಕ್ಕಟ್ಟಾದ ಹೋಟೆಲು ಅದು. ಅಡುಗೆಮನೆಯಂತೂ ಇನ್ನೂ ಇಕ್ಕಟ್ಟು. ಬಲಗಡೆಯ ಒಲೆಯ ಮೇಲೆ ಪಾಸ್ತಾ ಬೇಯುವ ಉಪ್ಪುನೀರಿನ ಹಂಡೆ, ಎಡಗಡೆಯ ಒಲೆಯ ಮೇಲೆ ಸಾಸಿನ ಬಾಣಲೆ, ಹಿಂದೆ ಅಷ್ಟಾಗಿ ಉರಿ ಏಳದ ಒಂದು ಸಣ್ಣ ಒಲೆ. ಅರ್ಧ ಆಯುಷ್ಯವನ್ನು ಅವಳು ಈ ಒಲೆಗಳ ಮುಂದೆಯೇ ಸವೆಸಿದ್ದಳು.

ಪಾಸ್ತಾದ ಗುಟ್ಟೆಲ್ಲ ಇರುವುದು ಬೇಯಿಸಿದ ನೀರಿನಲ್ಲಿ. ಪಾಸ್ತಾವನ್ನು ಸಾಸಿಗೆ ಹಾಕಿ ಹೊರಳಿಸಿ, ಇಳಿಸುವ ಮುಂಚೆ ಹಂಡೆಯ ಕುದಿನೀರನ್ನು ಒಂದು ಸೌಟು ಸುರಿಯಬೇಕು. ಆಗಲೇ ಸಾಸು ಪಾಸ್ತಾದ ಮೈಗೆ ಹತ್ತಿ ಹೊಳೆಯುವುದು. ಅವಳಿಗೆ ಕೆಲಸ ಕಲಿಸಿದ ಮುದುಕ ಅಡುಗೆಯವನು ಇದನ್ನು ಬೈದು ಬೈದು ಕಲಿಸಿದ್ದ. "ತಟ್ಟೆ ಸದ್ದು ಕೇಳಿದ್ಮೇಲೆ ಯೋಚನೆ ಮಾಡ್ತಾ ನಿಲ್ಲಬಾರದು, ಸೌಟು ಹೋಗ್ತಾ ಇರಬೇಕು" ಎನ್ನುತ್ತಿದ್ದ. ಬಡಿಸುವವನು ಕಟ್ಟೆಯ ಮೇಲೆ ತಟ್ಟೆಯನ್ನು ಠಣ್ ಎಂದು ಇಟ್ಟರೆ ಸಾಕು, ಅವಳ ಬಲಗೈ ಹಂಡೆಗಿಳಿದು, ಸೌಟು ತುಂಬಿಕೊಂಡು, ಎಡಗಡೆಯ ಒಲೆಯ ಮೇಲೆ ಹೊರಳುತ್ತಿತ್ತು. ಬಾಯಲ್ಲಿ ಯಾವ ಮಾತು ನಡೆದಿದ್ದರೂ ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸುತ್ತಿತ್ತು. ಸೌಟಕ್ಕ ಎಂಬ ಹೆಸರು ಬಂದದ್ದೇ ಹಾಗೆ.

ಹೀಗಿರುವಾಗ ಯಜಮಾನ ಎಲ್ಲೋ ಹೋಗಿ ಕರಿದ ಲಸಾನಿಯಾ ತಿಂದುಕೊಂಡು ಬಂದ. ಬಂದವನಿಗೆ ತಲೆಯಲ್ಲಿ ಬೇರೇನೂ ಇಲ್ಲ. ಪದರ ಪದರವಾಗಿ ಬೇಯಿಸಿಟ್ಟ ಲಸಾನಿಯಾವನ್ನು ತಣ್ಣಗೆ ಮಾಡಿ, ಚೌಕವಾಗಿ ಕೊಯ್ದು, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಎಣ್ಣೆಗೆ ಬಿಡುವುದು. ಚೀಸು ತುಂಬಿದ ರವಿಯೋಲಿ ಎಂಬ ಪಾಸ್ತಾ ಕಡುಬಿಗೂ ಅದೇ ಗತಿ. ಶಾವಿಗೆಯಂಥ ಸ್ಪಗೆಟ್ಟಿಯನ್ನು ಕೂಡ ಉಂಡೆ ಕಟ್ಟಿ ಕರಿಯಬೇಕಂತೆ. ಕರಿಯುವ ಕೆಲಸಕ್ಕೆ ಅವನು ಆರಿಸಿದ್ದು ಅಲ್ಲಿಯವರೆಗೆ ಮೂಲೆಯಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದ ಸೌಟಕ್ಕನ ತಂಗಿಯನ್ನು. ಅವ್ವ ಹೋದ ಮೇಲೆ ಸೌಟಕ್ಕ ಎದೆಗವಚಿಕೊಂಡು ಸಾಕಿದ ತಂಗಿ ಅವಳು. ಈರುಳ್ಳಿಯಿಂದ ಬಿಡುಗಡೆ ಸಿಕ್ಕಿದ ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎಣ್ಣೆಯ ಬಾಣಲೆಗೆ ಜೋರು ಉರಿ ಬೇಕು, ಹೊಗೆ ಹೋಗಲು ಕಿಟಕಿ ಬೇಕು. ಎರಡೂ ಇದ್ದದ್ದು ಎಡಗಡೆಯ ಒಲೆಗೆ. ಸಾಸು ಹಿಂದಿನ ಸಣ್ಣ ಒಲೆಗೆ ಹೋಯಿತು.

ಮೊದಲ ದಿನ ಮಧ್ಯಾಹ್ನ ಬಡಿಸುವವನು ತಟ್ಟೆ ಇಟ್ಟ. ಸೌಟಕ್ಕ ಅವನ ಹಲ್ಲುನೋವಿನ ಬಗ್ಗೆ ಏನೋ ಕೇಳುತ್ತಿದ್ದಳು. ಕಣ್ಣು ತಿರುಗಿಸಿ ನೋಡುತ್ತಾಳೆ, ತನ್ನದೇ ಕೈ ಕುದಿನೀರು ತುಂಬಿದ ಸೌಟನ್ನು ಹಿಡಿದು ಕಾದ ಎಣ್ಣೆಯ ಮೇಲೆ ನಿಂತಿದೆ. ಅಷ್ಟು ನೀರು ಒಳಗೆ ಬಿದ್ದಿದ್ದರೆ ಎಣ್ಣೆ ಸಿಡಿದು, ಬೆಂಕಿ ಹತ್ತಿ, ಬಾಣಲೆಯಲ್ಲಿದ್ದುದೆಲ್ಲ ಎದುರಿದ್ದವರ ಮುಖಕ್ಕೆ ಬರುತ್ತಿತ್ತು. ಎದುರಿದ್ದವಳು ತಂಗಿ. ಕುಳ್ಳಿ ಬೇರೆ, ಅವಳ ಮುಖ ಬಾಣಲೆಗೆ ತೀರಾ ಹತ್ತಿರ. ಆ ಗಳಿಗೆಗೆ ಮಾತ್ರ ಅವಳು ಬೆನ್ನು ತಿರುಗಿಸಿ ಬ್ರೆಡ್ಡಿನ ಪುಡಿ ಜರಡಿ ಹಿಡಿಯುತ್ತಿದ್ದಳು. ಸೌಟಕ್ಕ ನೀರನ್ನು ಹಂಡೆಗೇ ಸುರಿದು, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

ಹೇಳಿಬಿಡಬಹುದಿತ್ತು. ಆದರೆ ಕೈ ನನ್ನ ಮಾತು ಕೇಳುತ್ತಿಲ್ಲ ಎಂದು ಬಾಯಿಬಿಟ್ಟ ಅಡುಗೆಯವಳನ್ನು ಒಲೆಯ ಮುಂದೆ ಯಾರು ನಿಲ್ಲಿಸುತ್ತಾರೆ? ಅವಳಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡಳು.

ಅಂದೇ ಸಂಜೆ ಯಜಮಾನ ಎಲ್ಲರ ಮುಂದೆ ಒಂದೊಂದು ಚೌಕ ಇಟ್ಟ. "ತಿಂದು ನೋಡಿ ಹೇಳಿ. ಅಡುಗೆಮನೆಯವರಿಗೇ ಹಿಡಿಸದಿದ್ರೆ ನಾಳೆಯಿಂದ ಬೇಡ."

ಸೌಟಕ್ಕ ಕಚ್ಚಿದಳು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ನಾಲಿಗೆ ಸುಡುವ ಹಾಗೆ ಕರಗಿ ಹರಿಯುವ ಚೀಸು, ಟೊಮೆಟೊದ ಹುಳಿ. ಬೆಂದದ್ದನ್ನು ಮತ್ತೆ ಕರಿಯುವುದು ಎಂಥ ಹುಚ್ಚು ಎಂದು ಬೆಳಗಿನಿಂದ ಮೂಗು ಮುರಿದಿದ್ದವಳಿಗೆ ಇನ್ನೊಂದು ತುಂಡು ಬೇಕೆನಿಸಿತು. ಅಷ್ಟು ಚೆನ್ನಾಗಿತ್ತು ಹಾಳಾದ್ದು.

"ಚೆನ್ನಾಗಿಲ್ಲ" ಎಂದಳು. "ಬರೀ ಜಿಡ್ಡು. ಪಾಸ್ತಾದ ರುಚಿಯೇ ಸತ್ತುಹೋಗಿದೆ."

ಬಡಿಸುವವನು ಬೆರಳು ನೆಕ್ಕುತ್ತಾ ಬಹಳ ಚೆನ್ನಾಗಿದೆ ಎಂದ. ತಂಗಿ ಅಕ್ಕನ ಮುಖವನ್ನೇ ನೋಡಿ, ನಿಧಾನವಾಗಿ, "ನಂಗೂ ಇಷ್ಟ ಆಯ್ತು" ಎಂದಳು. ಅಲ್ಲಿಗೆ ತೀರ್ಮಾನವಾಯಿತು. ಸೌಟಕ್ಕನಿಗೆ ಹೊಸದನ್ನು ಕಂಡರೆ ಹೊಟ್ಟೆಕಿಚ್ಚು ಎಂದು ಯಜಮಾನ ನಕ್ಕ.

ಆಮೇಲೆ ಗಿರಾಕಿಗಳು ಮುಗಿಬಿದ್ದರು. ಒಂದೊಂದು ಠಣ್ಣಿಗೂ ಸೌಟಕ್ಕನ ಕೈ ಎಡಕ್ಕೇ ಹೊರಡುತ್ತಿತ್ತು, ಅವಳು ಅದನ್ನು ಹಿಂದಕ್ಕೆಳೆಯುತ್ತಿದ್ದಳು. ಸೌಟನ್ನು ಎಡಗೈಗೆ ಬದಲಾಯಿಸಿ ನೋಡಿದಳು, ಅರ್ಧ ನೀರು ನೆಲದ ಪಾಲಾಯಿತು. ಮಣಿಕಟ್ಟಿಗೆ ಕೆಂಪು ಬಟ್ಟೆ ಕಟ್ಟಿಕೊಂಡಳು, ಕಂಡಾಗಲಾದರೂ ನೆನಪಾಗಲಿ ಎಂದು. ಎರಡು ದಿನಕ್ಕೆ ಕಣ್ಣು ಅದಕ್ಕೂ ಒಗ್ಗಿಹೋಯಿತು. ಮನೆಯಲ್ಲಿ ತಂಗಿ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಾಗ ಆ ಮುಖ ನೋಡಲು ಭಯವಾಗಿ ಎದ್ದು ಹೋಗುತ್ತಿದ್ದಳು.

ಸಾಲದ್ದಕ್ಕೆ ಆ ಹುಡುಗಿ ಈಗ ಕಿಟಕಿಯ ಪಕ್ಕ ಬಿಟ್ಟು, ಹಂಡೆಗೂ ಎಣ್ಣೆಗೂ ನಡುವಿನ ಸಂದಿಯಲ್ಲಿ ಬಂದು ನಿಲ್ಲತೊಡಗಿದಳು. ಎರಡೂ ಕಡೆಯ ಬಿಸಿ ಮೈಗೆ ಬಡಿಯುವ ಜಾಗ.

"ಆ ಕಡೆ ಹೋಗಿ ನಿಲ್ಲೇ. ಇಲ್ಲಿ ನನ್ನ ಕೈಗೆ ಅಡ್ಡ ಬರ್ತೀಯ."

"ಇಲ್ಲೇ ಅನುಕೂಲ ಕಣಕ್ಕ" ಎಂದು ತಂಗಿ ಹಲ್ಲು ಕಿರಿದಳು. ಬೈದರೂ ಕದಲಲಿಲ್ಲ.

ರಜೆಯ ದಿನದ ಮಧ್ಯಾಹ್ನ, ಹೊರಗೆ ಜನ ನಿಲ್ಲಲು ಜಾಗವಿಲ್ಲದಷ್ಟು ಕಿಕ್ಕಿರಿದಿದ್ದಾಗ, ಬಡಿಸುವವನು ಒಂದರ ಹಿಂದೆ ಒಂದು ತಟ್ಟೆ ಇಟ್ಟ. ಮೂರನೆಯ ಠಣ್ಣಿಗೆ ಸೌಟಕ್ಕನ ಕೈ ಎಡಗಡೆಯ ಒಲೆಗೆ ಹೋಯಿತು. ಅವಳಿಗೆ ಗೊತ್ತಾಗುವಷ್ಟರಲ್ಲಿ ಸೌಟು ಓರೆಯಾಗಿತ್ತು. ಯಾರೋ ಅವಳ ಮಣಿಕಟ್ಟನ್ನು ಕೆಂಪು ಬಟ್ಟೆಯ ಸಮೇತ ಗಟ್ಟಿಯಾಗಿ ಹಿಡಿದು ಬಲಕ್ಕೆ ತಳ್ಳಿದರು. ಕುದಿನೀರು ಎಣ್ಣೆಗೆ ಬೀಳದೆ ತಂಗಿಯ ಮುಂಗೈ ಮೇಲೆ ಬಿದ್ದು ನೆಲಕ್ಕೆ ಇಳಿಯಿತು.

ತಂಗಿ ಕೂಗಲಿಲ್ಲ. ಒಲೆ ಆರಿಸಿ, ನಲ್ಲಿಯ ಕೆಳಗೆ ಕೈ ಹಿಡಿದು ನಿಂತಳು.

"ಊಟದ ವಿಷಯದಲ್ಲಿ ನೀನು ಯಾವತ್ತೂ ಸುಳ್ಳು ಹೇಳಿದವಳಲ್ಲ" ಎಂದಳು ತಂಗಿ. "ಅವತ್ತು ಹೇಳಿದೆ. ಯಾಕೆ ಅಂತ ತಿಳೀಲಿಲ್ಲ. ಮಾರನೇ ದಿನದಿಂದ ನಿನ್ನ ಕೈ ನೋಡ್ತಾ ಇದ್ದೆ. ನೋಡಿದ ಮೇಲೆ ಈ ಸಂದಿಗೆ ಬಂದೆ."

"ಗೊತ್ತಿದ್ದೂ ನಿಂತ್ಯಾ?"

"ನೀನು ಹೇಳ್ತೀಯ ಅಂತ ಕಾದೆ. ಹೇಳಿದ್ರೆ ನಿನ್ನ ಕೆಲಸ ಹೋಗತ್ತೆ ಅಂತ ನಾನೂ ಹೇಳ್ಲಿಲ್ಲ."

ಕೆಂಪಾಗಿ ಬೊಬ್ಬೆ ಏಳುತ್ತಿದ್ದ ಆ ಕೈಯನ್ನು ನೋಡುತ್ತಾ ಸೌಟಕ್ಕ ಬಿಕ್ಕಿ ಬಿಕ್ಕಿ ಅತ್ತಳು. ನಂತರ ನೇರವಾಗಿ ಯಜಮಾನನ ಬಳಿಗೆ ಹೋದಳು. "ಕರಿದದ್ದು ಚೆನ್ನಾಗಿದೆ. ನಾನು ಸುಳ್ಳು ಹೇಳ್ದೆ. ಕೆಟ್ಟಿರೋದು ನನ್ನ ಕೈ. ನನ್ನನ್ನ ನೀರಿಲ್ಲದ ಕಡೆ ನಿಲ್ಲಿಸಿ, ಇಲ್ಲಾ ಮನೆಗೆ ಕಳಿಸಿ."

ಯಜಮಾನನ ಮುಖ ಬಿಳಿಚಿಕೊಂಡಿತು. ಎಣ್ಣೆಯ ಒಲೆಯನ್ನು ಹಿತ್ತಿಲ ಬಾಗಿಲ ಪಕ್ಕಕ್ಕೆ ಹಾಕಿಸಿದ. ಅಲ್ಲಿ ಸುತ್ತಮುತ್ತ ಒಂದು ಲೋಟ ನೀರೂ ಇಡಬಾರದೆಂದು ಕಟ್ಟಪ್ಪಣೆಯಾಯಿತು. ಕರಿಯುವುದು ಸೌಟಕ್ಕನಿಗೆ, ಹಂಡೆ ಮತ್ತು ಸೌಟು ತಂಗಿಗೆ.

ತಂಗಿಯ ಕೈಯ ಪಟ್ಟಿ ಬಿಚ್ಚಿದ ದಿನ ಹೊಸ ಏರ್ಪಾಡು ಶುರುವಾಯಿತು. ಸೌಟಕ್ಕ ಜಾಲರಿ ಸಟ್ಟುಗವನ್ನು ಎಡಗೈಯಲ್ಲಿ ಹಿಡಿದು, ಎಣ್ಣೆಯಲ್ಲಿ ಹೊಂಬಣ್ಣಕ್ಕೆ ತಿರುಗುತ್ತಿದ್ದ ಲಸಾನಿಯಾದ ಚೌಕಗಳನ್ನು ನೋಡುತ್ತಿದ್ದಳು. ಕಟ್ಟೆಯ ಮೇಲೆ ತಟ್ಟೆ ಠಣ್ ಎಂದಿತು. ಅವಳ ಬಲಗೈ ಖಾಲಿಯಾಗಿ ಮೇಲೆದ್ದು, ಎಣ್ಣೆಯ ಮೇಲೆ ಬಂದು, ಮಣಿಕಟ್ಟನ್ನು ಹೊರಳಿಸಿತು.

ಆಚೆ ಒಲೆಯ ಮುಂದಿದ್ದ ತಂಗಿ ತಲೆಯೆತ್ತಿ ನೋಡಿದಳು. ಸೌಟಕ್ಕ ಆ ಕೈಯನ್ನು ಏಪ್ರನ್ನಿನ ಜೇಬಿಗೆ ತುರುಕಿ, ಎಡಗೈಯಿಂದಲೇ ಚೌಕಗಳನ್ನು ತಿರುವಿ ಹಾಕಿದಳು.